ಅಂಬುಜತ್ತೆಯ ಹನಿ

ನಮ್ಮ ಊರಿಗೆ ಬಂದವರನ್ನು ಯಾರೂ ಊಟವಾಯಿತೇ ಎಂದು ಕೇಳುವುದಿಲ್ಲ. ‘ನಿಮಗೇನಿಲ್ಲ?’ ಎಂದು ಕೇಳುತ್ತಾರೆ. ಹೊರಗಿನವರು ಮೊದಲ ಸಲ ಕೇಳಿಸಿಕೊಂಡಾಗ ಜೇಬು ಮುಟ್ಟಿ ನೋಡಿಕೊಳ್ಳುವುದುಂಟು. ನಮಗೆ ಅದು ಬರೀ ಕುಶಲಪ್ರಶ್ನೆ. ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಏನೋ ಒಂದು ಇರುವುದಿಲ್ಲ. ಟೈಲರ್ ಭುಜಂಗನ ನಾಲಿಗೆಗೆ ಕಹಿ ಇಲ್ಲ. ಯುಗಾದಿಯ ಬೇವನ್ನು ಹುರಿಗಡಲೆಯಂತೆ ಮೆಲ್ಲುತ್ತಾನೆ. ಶಾಲೆಯ ಪ್ರಫುಲ್ಲಾ ಮೇಡಂಗೆ ಮೈ ಜುಮ್ಮೆನ್ನುವುದಿಲ್ಲ. ನಮ್ಮ ಎದುರುಮನೆಯ ಅವಳಿಗಳಲ್ಲಿ ಒಬ್ಬಳಿಗೆ ಬಿಕ್ಕಳಿಕೆ ಇಲ್ಲ, ಇನ್ನೊಬ್ಬಳಿಗೆ ಸಂಜೆಯ ನೆರಳು ಇಲ್ಲ. ಮಧ್ಯಾಹ್ನದ ಗಿಡ್ಡ ನೆರಳೇ ದೀಪ ಹಚ್ಚುವವರೆಗೂ ಅವಳ ಕಾಲ ಬುಡದಲ್ಲಿ ಕೂತಿರುತ್ತದೆ. ನನಗೆ ಅಂಟುವ ಆಕಳಿಕೆ ಇಲ್ಲ. ಎದುರಿಗೆ ಊರಿಗೆ ಊರೇ ಆಕಳಿಸಿದರೂ ನನ್ನ ಬಾಯಿ ತೆರೆಯುವುದಿಲ್ಲ. ಹೆಣ್ಣು ಗಂಡಿನ ಜಾತಕ ಕೂಡದಿದ್ದರೂ ನಮ್ಮಲ್ಲಿ ನಡೆದೀತು, ಇಬ್ಬರಿಗೂ ಇಲ್ಲದ್ದು ಒಂದೇ ಆದರೆ ಮಾತ್ರ ಮದುವೆ ಮಾಡುವುದಿಲ್ಲ.

ಊರಿನ ತಗ್ಗಿನಲ್ಲಿ, ಹೊಂಡದ ಮಗ್ಗುಲಿಗೆ ಇರುವ ಉದ್ದನೆಯ ಹೆಂಚಿನ ಕಟ್ಟಡವೇ ಒರೆಮನೆ. ಚಿನ್ನವನ್ನು ಒರೆಗೆ ಹಚ್ಚುವವರು ಬೇರೆ ಕಡೆ ಇದ್ದಾರೆ. ನಾವು ಒರೆಗೆ ಹಚ್ಚುವುದು ಪ್ರತಿಕಾಯಗಳನ್ನು. ದೇಹ ತನಗೆ ಆಗದ್ದನ್ನು ಹುಡುಕಿ ಹಿಡಿಯಲು ಸಾಕಿಕೊಂಡಿರುವ ಈ ಕಾವಲುಗಾರರನ್ನು ಹೊರಗಿನ ಊರುಗಳ ಪ್ರಯೋಗಶಾಲೆಗಳಲ್ಲಿ ಬೇಕಾದಂತೆ ಬೆಳೆಸಿ ಸೀಸೆಗೆ ತುಂಬುತ್ತಾರೆ. ಒಂದು ಸೀಸೆಯದು ಮೈಯೊಳಗಿನ ಒಂದೇ ಸತ್ವವನ್ನು ಹುಡುಕಿ ಅಪ್ಪಿಕೊಳ್ಳಬೇಕು, ಅಪ್ಪಿಕೊಂಡ ಕಡೆ ನೀಲಿ ಕಾಣಬೇಕು. ಆ ನೀಲಿಯನ್ನು ನೆಚ್ಚಿಕೊಂಡೇ ಸಂಶೋಧಕರು ಇಂಥ ರೋಗಕ್ಕೆ ಇಂಥದೇ ಕಾರಣ ಎನ್ನುತ್ತಾರೆ, ಔಷಧ ಹುಡುಕುತ್ತಾರೆ. ಆದರೆ ಸೀಸೆಯಲ್ಲಿರುವವರೆಲ್ಲ ಸತ್ಯವಂತರಲ್ಲ. ಎಲೆ ಹಾಕಿದ ಕಡೆಯೆಲ್ಲ ಕೂತು ಉಣ್ಣುವ ಕರೆಯದ ನೆಂಟರ ಹಾಗೆ ಕೆಲವು ಸಿಕ್ಕಿದ್ದನ್ನೆಲ್ಲ ಅಪ್ಪಿಕೊಂಡುಬಿಡುತ್ತವೆ. ಇದೆ ಎನ್ನುವವನ ಮಾತು ನಿಜವೋ ಸುಳ್ಳೋ ತಿಳಿಯಬೇಕಾದರೆ ಅವನನ್ನು ಇಲ್ಲದ ಕಡೆಗೆ ಕಳಿಸಿ ನೋಡಬೇಕು. ಇಲ್ಲದ ಕಡೆಯೂ ಇದೆ ಎಂದರೆ ಸುಳ್ಳ. ಬೇರೆ ಊರುಗಳಲ್ಲಿ ಇಲ್ಲದ ಕಡೆ ಎಂಬುದು ಸುಲಭವಾಗಿ ಸಿಗುವುದಿಲ್ಲ. ನಮ್ಮಲ್ಲಿ ಮನೆಮನೆಯಲ್ಲೂ ಸಿಗುತ್ತದೆ.

ಅದಕ್ಕೇ ಸಂತೆಯ ದಿನ ಜನ ಒರೆಮನೆಗೆ ಬಂದು, ಬೆರಳು ಚುಚ್ಚಿಸಿಕೊಂಡು, ಒಂದು ಹನಿ ರಕ್ತ ಕೊಟ್ಟು, ಬಾಳೆಹಣ್ಣು ತಿಂದು ಹೋಗುತ್ತಾರೆ. ಒರೆಮನೆಯಲ್ಲಿ ಕೆಲಸ ಮಾಡುವ ನಾನು ಬಿಳಿ ಬಟ್ಟೆಯ ಪಟ್ಟಿಯ ಮೇಲೆ ಆ ಸತ್ವ ಇರುವವರ ಹನಿಯನ್ನೂ ಇಲ್ಲದವರ ಹನಿಯನ್ನೂ ಪಕ್ಕಪಕ್ಕ ಹಚ್ಚಿ, ಕೆಂಪು ಹೋಗುವಂತೆ ತೊಳೆದು, ಸೀಸೆಯದನ್ನು ಸುರಿದು ಕಾಯುತ್ತೇನೆ. ಇಲ್ಲದವರ ಹನಿ ಬಿದ್ದ ಜಾಗ ಬೆಳ್ಳಗೇ ಉಳಿದರೆ ಸೀಸೆಯ ಕೊರಳಿಗೆ ಅರಿಶಿನದ ದಾರ. ದಾರ ಕಟ್ಟುವವಳು ನಾನಲ್ಲ, ಹನಿ ಕೊಟ್ಟವರೇ ಬಂದು ತಮ್ಮ ಕೈಯಾರೆ ಕಟ್ಟಬೇಕು. ಅದು ಇಲ್ಲದೆ ಹೊರಗಿನ ಯಾವ ಆಸ್ಪತ್ರೆಯೂ ಸೀಸೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುಳ್ಳು ಸೀಸೆಗಳನ್ನು ಹೊಂಡಕ್ಕೆ ಸುರಿಯುತ್ತೇವೆ. ಆ ಹೊಂಡದ ಮೀನುಗಳು ಹೊತ್ತು ಮುಳುಗುವಾಗ ನೀಲಿಯಾಗಿ ಹೊಳೆಯುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ.

ಹೀಗೆ ಹನಿ ಕೊಡುವವರಲ್ಲೆಲ್ಲ ಹೆಚ್ಚು ಜಂಬದವಳು ನಮ್ಮಪ್ಪನ ತಂಗಿ ಅಂಬುಜತ್ತೆ. ಅವಳಿಗೆ ಕನಸು ಇಲ್ಲ. ಮಗುವಿಗೆ ಏನಿಲ್ಲ ಎಂದು ತಿಳಿಯಲು ನಮ್ಮಲ್ಲಿ ಹಿರಿಯರು ತೊಟ್ಟಿಲ ಸುತ್ತ ಕೂತು ದಿನವಿಡೀ ನೋಡುವ ಶಾಸ್ತ್ರ ಒಂದಿದೆ. ನಿದ್ದೆಯಲ್ಲಿ ಮಕ್ಕಳು ನಗುತ್ತವೆ, ತುಟಿ ಸೊಟ್ಟ ಮಾಡಿ ಅಳುತ್ತವೆ. ಅಂಬುಜತ್ತೆ ನಗಲಿಲ್ಲ, ಅಳಲಿಲ್ಲ, ರೆಪ್ಪೆ ಮುಚ್ಚಿಕೊಂಡು ಗೊಂಬೆಯಂತೆ ಬಿದ್ದಿದ್ದಳಂತೆ. ಕನಸಿನ ಸತ್ವವಿಲ್ಲದ ಕೂಸು ಎಂದು ಹಿರಿಯರು ಹೇಳಿದರು, ಆಯಿತು. ಅಂದಿನಿಂದ ಕನಸಿನ ಸೀಸೆ ಯಾವುದು ಬಂದರೂ ಅವಳ ಹನಿಯೇ ಒರೆಗಲ್ಲು. ಎಷ್ಟೋ ಸೀಸೆಗಳು ಅವಳ ಹನಿಯ ಮೇಲೆ ನೀಲಿಯಾಗಿ ಹೊಂಡ ಸೇರಿದವು. ಒಂದೇ ಒಂದು ಮಾತ್ರ ಬೆಳ್ಳಗೆ ಉಳಿದು, ಅವಳ ಕೈಯಿಂದ ದಾರ ಕಟ್ಟಿಸಿಕೊಂಡು ಹೋಗಿತ್ತು. ನಾನು ಹಿಡಿಯೋವಷ್ಟು ಕಳ್ಳರನ್ನ ಯಾವ ಪೊಲೀಸೂ ಹಿಡಿದಿಲ್ಲ ಎಂದು ಬಾಳೆಹಣ್ಣು ಸುಲಿಯುತ್ತಾ ಹೇಳುತ್ತಿದ್ದಳು.

ಅವಳ ಗಂಡ ವಾಮನ ಮಾವ ತೀರಿಕೊಂಡಾಗ ನಾನು ಲಂಗ ತೊಡುವ ವಯಸ್ಸಿನವಳು. ಕೊಡೆಯಿಲ್ಲದೆ ಮಳೆಯಲ್ಲಿ ನೆನೆದು ಬಂದು ಮಲಗಿದವರು ಜ್ವರದಿಂದ ಏಳಲಿಲ್ಲ. ಹೊಳೆಯ ದಂಡೆಯಲ್ಲಿ ಬೆಂಕಿ ಕೊಟ್ಟು ಬಂದ ಮಾರನೆಯ ಬೆಳಗ್ಗೆ ಅಂಬುಜತ್ತೆ ಎಂದಿನಂತೆ ಎದ್ದು, ಎರಡು ಲೋಟ ಕಾಫಿ ಮಾಡಿ, ಅವರು ಬಂದಿದ್ದರು, ಮಂಚದ ತುದಿಯಲ್ಲಿ ಕೂತು ಕೊಡೆ ಎಲ್ಲಿ ಎಂದು ಕೇಳಿದರು ಎಂದಳು. ಬೇರೆ ಯಾರು ಹೇಳಿದ್ದರೂ ಹೆಂಗಸರು ತಲೆ ಸವರಿ, ಕನಸು ಕಣಮ್ಮಾ, ಅತ್ತುಬಿಡು ಎನ್ನುತ್ತಿದ್ದರು. ಆದರೆ ಇವಳಿಗೆ ಕನಸು ಇಲ್ಲ. ಕನಸು ಇಲ್ಲದವಳು ಕಂಡಳೆಂದರೆ ಅದು ಕಂಡದ್ದೇ. ಹೆಂಗಸರು ಮುಖ ಮುಖ ನೋಡಿಕೊಂಡು ಮನೆಗೆ ಹೋದರು. ಅವಳ ಹಣೆಯ ಕುಂಕುಮದ ತಂಟೆಗೆ ಯಾರೂ ಬರಲಿಲ್ಲ. ಹಾಲಿನವಳು ಹಾಲನ್ನು ಕಡಿಮೆ ಮಾಡಲಿಲ್ಲ. ಅತ್ತೆ ಅಳಲೂ ಇಲ್ಲ. ಗಂಡ ದಿನಾ ಬೆಳಗಿನ ಜಾವ ಬರುತ್ತಿರುವಾಗ ಅಳುವುದಕ್ಕೇನಿದೆ?

ಹಾಗೆ ವರ್ಷಗಳು ಹೋದವು. ಮಾವ ಬರುತ್ತಿದ್ದರು, ಬಾವಿಯ ಹಗ್ಗ ಸವೆದಿದೆ ಎನ್ನುತ್ತಿದ್ದರು, ಕೊಡೆ ಎಲ್ಲಿ ಎನ್ನುತ್ತಿದ್ದರು. ಬಾಗಿಲ ಹಿಂದೆ ಇದೆ ಎಂದು ಅತ್ತೆ ಹೇಳುತ್ತಿದ್ದಳು. ಅವರು ತೆಗೆದುಕೊಳ್ಳದೆ ಹೋಗುತ್ತಿದ್ದರು. ಕೊಡೆಯ ಬಟ್ಟೆ ಹಳತಾದಾಗ ಅತ್ತೆ ಭುಜಂಗನಿಂದ ಹೊಸ ಬಟ್ಟೆ ಹೊಲಿಸಿದಳು. ಊರಿನವರು ತಮ್ಮ ತಮ್ಮ ಸತ್ತವರ ಸಮಾಚಾರವನ್ನು ಅವಳ ಮೂಲಕ ಮಾವನ ಬಳಿ ಕೇಳಿಸತೊಡಗಿದರು. ನಮ್ಮ ತಾಯಿ ಚೆನ್ನಾಗಿದ್ದಾಳಾ ಎಂದು ಪ್ರಫುಲ್ಲಾ ಮೇಡಂ ಕೇಳಿಸಿದ್ದಕ್ಕೆ, ಇದ್ದಾರೆ, ನಿನ್ನ ತಮ್ಮನಿಗೆ ಬಯ್ಯೋದು ಬಿಡು ಅಂದರು ಎಂದು ಉತ್ತರ ಬಂತು. ಮೇಡಂ ಬಯ್ಯುವುದನ್ನು ಬಿಟ್ಟರು. ನಾನೂ ನಂಬಿದ್ದೆ. ಅತ್ತೆಯ ಮನೆಯಲ್ಲಿ ಮಲಗಿದರೆ ಜಾವದಲ್ಲಿ ಮಂಚ ಕಿರುಗುಟ್ಟುವುದು ನನಗೂ ಕೇಳಿಸುತ್ತದೆ ಎಂದು ಆಣೆ ಮಾಡಿ ಹೇಳುತ್ತಿದ್ದೆ.

ತಬಸ್ಸುಮ್ ಎಂಬ ಹುಡುಗಿ ನಮ್ಮೂರಿಗೆ ಬಂದದ್ದು ಇಂಥ ಕಾಲದಲ್ಲಿ. ಸೀಸೆಗಳು ಟಪಾಲಿನಲ್ಲಿ ಬರುತ್ತವೆಯೇ ಹೊರತು ಮಾಡಿದವರು ಬರುವುದಿಲ್ಲ. ಇವಳು ಎರಡು ಸಲ ಕಳಿಸಿದ್ದ ಕನಸಿನ ಸೀಸೆಯನ್ನು ನಾವು ಎರಡು ಸಲವೂ ಹೊಂಡಕ್ಕೆ ಸುರಿದಿದ್ದೆವು. ಮೂರನೆಯದನ್ನು ಐಸ್ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡು ಬಸ್ಸಿಳಿದಳು. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಮಕ್ಕಳದೊಂದು ವಾರ್ಡ್ ಇತ್ತು. ಆ ಮಕ್ಕಳು ಮಲಗಿದವರು ಏಳುವುದಿಲ್ಲ, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮಾತ್ರ ಓಡಾಡುತ್ತಿರುತ್ತದೆ ಎಂದಳು. ಯಾರನ್ನೋ ನೋಡುತ್ತಿರುವ ಹಾಗೆ ನಗುತ್ತವೆ, ತಾಯಂದಿರು ಕರೆದರೆ ಮಾತ್ರ ಕೇಳಿಸುವುದಿಲ್ಲ. ಕನಸಿನ ಸತ್ವ ಎಲ್ಲಿ ಉಕ್ಕುತ್ತಿದೆ ಎಂದು ತಿಳಿದರೆ ಅಲ್ಲಿಗೆ ಔಷಧ ಮುಟ್ಟಿಸಬಹುದು. ನಮ್ಮೂರಿನ ದಾರ ಕಟ್ಟಿಸಿಕೊಂಡ ಆ ಒಂದೇ ಸೀಸೆಯನ್ನು ನಂಬಿ ಇಷ್ಟು ವರ್ಷ ಔಷಧ ಕೊಟ್ಟರು, ಒಂದು ಮಗುವೂ ಕಣ್ಣು ಬಿಡಲಿಲ್ಲ.

ನಾನು ಅವಳ ಎದುರಿಗೇ ಹಚ್ಚಿ ನೋಡಿದೆ. ಅತ್ತೆಯ ಹನಿ ನೀಲಿಯಾಯಿತು. ಹೇಳಲಿಲ್ಲವೇ ಎಂಬಂತೆ ನಾನು ಸೀಸೆಯನ್ನು ಕೈಗೆತ್ತಿಕೊಂಡಾಗ ಅವಳು ಅಡ್ಡ ಬಂದು ಮೆಲ್ಲಗೆ ಹೇಳಿದಳು:

“ಮೇಡಂ, ಸೀಸೇನ ಹನಿಗೆ ಹಚ್ಚಿ ನೋಡ್ತೀರಿ. ಹನೀನ ಯಾವುದಕ್ಕೆ ಹಚ್ಚಿ ನೋಡಿದೀರಿ?”

ನನಗೆ ಕೋಪ ಮೂಗಿನ ತುದಿಗೆ ಬಂತು. ಈಗಷ್ಟೇ ಬಸ್ಸಿಳಿದವಳು ನಮ್ಮ ಹಿರಿಯರ ಕಣ್ಣಿಗೆ ಕನ್ನಡಕ ತೊಡಿಸಲು ಬಂದಳೇ ಎಂದುಕೊಂಡೆ. ಹಾಗೆಂದು ಬಯ್ದೂ ಬಿಟ್ಟೆ. ಅವಳು ಎದುರಾಡಲಿಲ್ಲ, ಹೊರಗೆ ಹೋಗಿ ಹೊಂಡದ ಮೆಟ್ಟಿಲ ಮೇಲೆ ಮೀನು ನೋಡುತ್ತಾ ಕೂತಳು. ಅವಳ ತಲೆ ತೂಗುತ್ತಿತ್ತು, ಪ್ರಯಾಣದಲ್ಲಿ ನಿದ್ದೆಗೆಟ್ಟಿರಬೇಕು. ಡಬ್ಬಿಯನ್ನು ಮಾತ್ರ ಮಡಿಲಿನಿಂದ ಇಳಿಸಿರಲಿಲ್ಲ. ನೋಡುತ್ತಾ ನೋಡುತ್ತಾ ನನ್ನ ಕೋಪ ಇಳಿಯಿತು, ಅವಳ ಪ್ರಶ್ನೆ ಮಾತ್ರ ಇಳಿಯಲಿಲ್ಲ. ಅತ್ತೆಯ ಹನಿಯನ್ನು ಯಾವುದಕ್ಕೂ ಹಚ್ಚಿ ನೋಡಿರಲಿಲ್ಲ. ಹಚ್ಚೋಣವೆಂದರೆ ಕನಸಿಲ್ಲದವರು ಊರಿನಲ್ಲಿ ಅವಳೊಬ್ಬಳೇ.

ಒಬ್ಬಳೇ ಅಲ್ಲ ಎಂದು ನೆನಪಾದದ್ದು ಸೈಕಲ್ ಅಂಗಡಿಯ ಮುಂದೆ ಹೋಗುವಾಗ. ಅಂಗಡಿಯ ಚೆನ್ನಾಜಿಯ ಹೊಸ ಕೂಸಿಗೆ ಆ ವಾರವಷ್ಟೇ ಶಾಸ್ತ್ರವಾಗಿತ್ತು. ಎರಡನೇ ಅಂಬುಜಮ್ಮ ಹುಟ್ಟಿದಳು ಎಂದು ಹಿರಿಯರು ಹೇಳಿ ಹೋಗಿದ್ದರು. ನಾನು ತೊಟ್ಟಿಲ ಪಕ್ಕ ಕೂತು ನೋಡಿದೆ. ಕೂಸು ನೀರಿನ ತಳದ ಕಲ್ಲಿನಂತೆ ಮಲಗಿತ್ತು. ರೆಪ್ಪೆಯ ಕೆಳಗೆ ಒಂದು ಅಲುಗಾಟವಿಲ್ಲ. ಅಂಗಡಿಯಲ್ಲಿ ಟೈರ್ ಒಡೆದ ಸದ್ದಿಗೆ ನಾನು ಬೆಚ್ಚಿದೆ, ಅದು ಬೆಚ್ಚಲಿಲ್ಲ. ಚೆನ್ನಾಜಿ ತಾನೇ ಹಿಮ್ಮಡಿ ಹಿಡಿದು ಒಂದು ಹನಿ ಕೊಡಿಸಿದಳು.

ಆ ಮಧ್ಯಾಹ್ನ ಬಟ್ಟೆಯ ಮೇಲೆ ನನ್ನದೊಂದು, ಅತ್ತೆಯದೊಂದು, ಕೂಸಿನದೊಂದು ಹನಿ ಹಚ್ಚಿ ತಬಸ್ಸುಮ್‌ಳ ಸೀಸೆಯಿಂದ ಸುರಿದೆ. ಕನಸು ಕಾಣುವ ನನ್ನ ಹನಿ ನೀಲಿಯಾಯಿತು. ಅತ್ತೆಯದೂ ಅಷ್ಟೇ ನೀಲಿಯಾಯಿತು. ಕೂಸಿನದು ಬೆಳ್ಳಗೇ ಉಳಿಯಿತು. ಜಾಗ ಅದಲುಬದಲು ಮಾಡಿ ಮತ್ತೆ ಹಚ್ಚಿದೆ. ಹಾಗೆಯೇ ಬಂತು. ಹಿಂದೆ ದಾರ ಕಟ್ಟಿಸಿಕೊಂಡು ಹೋದ ಸೀಸೆಯ ಜೋಡಿಯೊಂದನ್ನು ದಾರ ಸಮೇತ ಮಾದರಿಗೆಂದು ಕಪಾಟಿನಲ್ಲಿ ಉಳಿಸಿಕೊಂಡಿದ್ದೆವು, ಅದನ್ನೂ ತೆಗೆದು ಸುರಿದೆ. ಅದು ಅತ್ತೆಯ ಹನಿಯನ್ನು ಬೆಳ್ಳಗೆ ಬಿಟ್ಟು, ಕನಸೇ ಇಲ್ಲದ ಕೂಸಿನ ಹನಿಯನ್ನು ನೀಲಿ ಮಾಡಿತು. ಅಂದರೆ ಅದು ಹುಡುಕುತ್ತಿದ್ದದ್ದು ಕನಸನ್ನಲ್ಲ, ಅತ್ತೆಗೆ ನಿಜವಾಗಿ ಇಲ್ಲದ ಬೇರೆ ಏನನ್ನೋ. ಆ ಸುಳ್ಳನ ಕೊರಳಲ್ಲಿ ಅವಳು ಕಟ್ಟಿದ ದಾರ ಇನ್ನೂ ಹಳದಿಯಾಗಿಯೇ ಇತ್ತು.

ತಬಸ್ಸುಮ್ ಬಟ್ಟೆಯನ್ನು ನೋಡಿ ಬಾಯಿ ಮುಚ್ಚಿಕೊಂಡು ಅತ್ತಳು. ನಾನೂ ಸಂತೋಷಪಡಬೇಕಾಗಿತ್ತು, ಪಡಲಾಗಲಿಲ್ಲ. ಅತ್ತೆಗೆ ಕನಸು ಇದೆ ಎಂದಾದರೆ ಬೆಳಗಿನ ಜಾವ ಮಂಚದ ತುದಿಯಲ್ಲಿ ಕೂರುವವರು ಯಾರು? ನೀಲಿ ಪಟ್ಟಿಯನ್ನು ಒಲೆಗೆ ಹಾಕಿ, ಸೀಸೆಯನ್ನು ಹೊಂಡಕ್ಕೆ ಸುರಿದರೆ ವಾಮನ ಮಾವ ಉಳಿಯುತ್ತಾರೆ, ಆ ಮಕ್ಕಳು ಏಳುವುದಿಲ್ಲ. ದಾರ ಬಿದ್ದರೆ ಮಕ್ಕಳು ಏಳಬಹುದು, ಮಾವ ಇಷ್ಟು ವರ್ಷಗಳ ಮೇಲೆ ಎರಡನೇ ಸಲ ಸಾಯುತ್ತಾರೆ. ಅದೂ ಕೂಸಿಗೆ ಗಂಟು ಹಾಕಲು ಬಾರದು, ಒರೆಮನೆಯವಳಾದ ನಾನು ಕಟ್ಟುವಂತಿಲ್ಲ, ಹನಿ ಕೊಟ್ಟವರಲ್ಲಿ ಉಳಿದ ಅತ್ತೆಯೇ ದಾರ ಕಟ್ಟಬೇಕು. ಹೊಂಡದ ದಂಡೆಯಲ್ಲಿ ನಿಂತೆ. ಸೀಸೆ ಹಿಡಿದ ಕೈ ಕಂಡರೆ ಸಾಕು, ಮೀನುಗಳು ಮೇಲೆ ಬರುತ್ತವೆ. ಬಾಯಿ ತೆರೆದು ಮುಚ್ಚಿ ಕಾದವು. ನಾನು ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು ಅತ್ತೆಯ ಮನೆಗೆ ನಡೆದೆ.

ಅವಳು ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಕಾಳು ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ನಾನೂ ಕೂತು ಒಂದು ಹಿಡಿ ತೆಗೆದುಕೊಂಡೆ.

“ಅತ್ತೆ, ನಿನ್ನ ಹನಿ ನೀಲಿಯಾಯ್ತು.”

“ಅದೇನು ಹೊಸದಾ? ಸುರಿ ಹೊಂಡಕ್ಕೆ.”

“ಸೀಸೆ ಸುಳ್ಳಲ್ಲ ಅತ್ತೆ.”

ಅವಳ ಬೆರಳು ನಿಲ್ಲಲಿಲ್ಲ. ಆದರೆ ಕಾಳು ಸಿಪ್ಪೆಯ ಬಟ್ಟಲಿಗೂ ಸಿಪ್ಪೆ ಕಾಳಿನ ಬಟ್ಟಲಿಗೂ ಬೀಳತೊಡಗಿತು. ನಾನು ಕೂಸಿನ ವಿಷಯ ಹೇಳಿದೆ, ಏಳದ ಮಕ್ಕಳ ವಿಷಯ ಹೇಳಿದೆ, ಹಳೆಯ ಸೀಸೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಎಲ್ಲವನ್ನೂ ಕೇಳಿದಳು. ಆ ಮಕ್ಕಳ ತಾಯಂದಿರು ಎಲ್ಲಿ ಮಲಗುತ್ತಾರೆ ಎಂದು ಕೇಳಿದಳು. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಎಂದೆ. ಹಿರಿಯರು ಅಷ್ಟು ದೊಡ್ಡ ತಪ್ಪು ಮಾಡಿದ್ದಾದರೂ ಹೇಗೆ ಎಂದು ನಾನು ಗೊಣಗಿದ್ದಕ್ಕೆ ಅವಳಿಗೆ ಸಣ್ಣಗೆ ನಗು ಬಂತು.

“ನಾನು ನಿದ್ದೇನೇ ಮಾಡಿರಲ್ವೇನೋ ವೇಣಿ. ಈಗ್ಲೂ ಯಾರಾದ್ರೂ ನೋಡ್ತಾ ಕೂತ್ರೆ ನಂಗೆ ನಿದ್ದೆ ಬರಲ್ಲ. ಕಣ್ಣು ಮುಚ್ಕೊಂಡು ಸುಮ್ನೆ ಬಿದ್ದಿರ್ತೀನಿ.”

ಅದು ನನಗೂ ಗೊತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಿಗೆ ಊರೇ ತೊಟ್ಟಿಲ ಸುತ್ತ ಕಣ್ಣು ಬಿಟ್ಟುಕೊಂಡು ಕೂತು ಕೂಸಿನ ನಿದ್ದೆ ಕೆಡಿಸಿ, ಕನಸಿಲ್ಲ ಎಂದು ಹಣೆಪಟ್ಟಿ ಹಚ್ಚಿತ್ತು. ಅತ್ತೆ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿದಳು.

“ಹಂಗಾದ್ರೆ ಅವರು?” ಎಂದಳು.

ನಾನು ಸೆರಗಿನ ತುದಿಯನ್ನು ಅವಳ ಮುಂದೆ ಹಿಡಿದೆ. ಅವಳು ಸೆರಗಿನ ಗಂಟು ಬಿಚ್ಚಿಸಿ ಸೀಸೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ನೀರಿನ ಹಾಗಿದೆಯಲ್ಲ ಎಂದಳು. ಆಮೇಲೆ ಅದನ್ನು ದೇವರ ಗೂಡಿನಲ್ಲಿ ಇಟ್ಟಳು.

“ಬೆಳಗ್ಗೆ ಅವರನ್ನ ಕೇಳಿ ಹೇಳ್ತೀನಿ. ಅವರಿಗೆ ಹೇಳ್ದೆ ನಾನು ಯಾವ ಕೆಲ್ಸಾನೂ ಮಾಡಿದೋಳಲ್ಲ.”

ನಾನು ಅಲ್ಲೇ ಉಳಿದೆ. ಅವಳಿಗೆ ನಿದ್ದೆ ಬರಲಿ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮಂಚ ಕಿರುಗುಟ್ಟಲಿಲ್ಲ. ಅಥವಾ ನನಗೇ ಗಾಢವಾಗಿ ನಿದ್ದೆ ಹತ್ತಿರಬೇಕು. ಎದ್ದಾಗ ಬೆಳಕಾಗಿತ್ತು, ಸಣ್ಣ ಮಳೆ ಬಿದ್ದ ವಾಸನೆ ಇತ್ತು. ಅತ್ತೆ ಒಲೆಯ ಮುಂದೆ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ.

“ಬಂದಿದ್ರು,” ಎಂದಳು. “ಕೂತ್ರು. ಕೊಡೆ ಎಲ್ಲಿ ಅಂದ್ರು. ನೀವು ನನ್ನ ಕನಸಂತೆ, ಒರೆಮನೇಲಿ ಗೊತ್ತಾಯ್ತಂತೆ ಅಂದೆ. ಆಮೇಲೆ, ಹಂಗಾದ್ರೆ ನಾನು ಹೋಗ್ಬಿಟ್ಟಿದೀನಾ ಅಂಬುಜಾ, ಅಂತ ಕೇಳಿದ್ರು. ಅವರಿಗೇ ಗೊತ್ತಿರ್ಲಿಲ್ಲ ಕಣೆ. ನಾನೇ ಹೇಳ್ಬೇಕಾಯ್ತು.”

“ಅದಕ್ಕೇನಂದ್ರು?”

“ಹಂಗಾದ್ರೆ ಕೊಡೆ ಬೇಡ ಬಿಡು ಅಂದ್ರು.”

ಅಷ್ಟು ಹೇಳಿ ಅವಳು ಅಳತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಬೀದಿಗೆ ಕೇಳುವಂತೆ. ಲಂಗ ತೊಡುವ ವಯಸ್ಸಿನಲ್ಲಿ ನಾನು ಕೇಳಬೇಕಾಗಿದ್ದ ಅಳು ಅದು. ಅವಳನ್ನು ತಬ್ಬಿಕೊಂಡು ನಾನೂ ಅತ್ತುಬಿಟ್ಟೆ. ನೆರೆಯವರು ಒಬ್ಬೊಬ್ಬರಾಗಿ ಬಂದರು. ವಿಷಯ ತಿಳಿದ ಮೇಲೆ ಯಾರೂ ವಾದ ಮಾಡಲಿಲ್ಲ, ಹೊಸ ಸಾವಿನ ಮನೆಗೆ ಬಂದವರಂತೆ ಗೋಡೆಗೆ ಒರಗಿ ಕೂತರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಎದುರುಮನೆಯ ಅವಳಿಗಳು ಅನ್ನ ಸಾರು ತಂದಿಟ್ಟರು. ಪ್ರಫುಲ್ಲಾ ಮೇಡಂ ಬಾಗಿಲಲ್ಲಿ ನಿಂತು, ಹಾಗಾದರೆ ನಮ್ಮ ತಾಯಿ ಹೇಳಿದ್ದು ಎಂದು ಶುರು ಮಾಡಿ, ಪೂರ್ತಿ ಮಾಡದೆ ಕಣ್ಣೊರೆಸಿಕೊಂಡರು. ಹಾಲಿನವಳು ಒಂದು ಲೋಟದಷ್ಟು ಹಾಲನ್ನು ಮಾತ್ರ ಅಳೆದು ಹೋದಳು.

ಮಧ್ಯಾಹ್ನ ಅತ್ತೆ ತಲೆಗೆ ಸ್ನಾನ ಮಾಡಿ ಒರೆಮನೆಗೆ ಬಂದಳು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ಹಳೆಯ ಸೀಸೆಯ ದಾರವನ್ನು ತಾನೇ ಹಲ್ಲಿನಿಂದ ಕಡಿದು, ಅದರೊಳಗಿನದನ್ನು ಹೊಂಡಕ್ಕೆ ಸುರಿದಳು. ತಬಸ್ಸುಮ್‌ಳ ಸೀಸೆಗೆ ಹೊಸ ದಾರ ಕಟ್ಟುವಾಗ ಮಾತ್ರ ಗಂಟು ಜಾರಿತು. ನಾನು ಹಿಡಿಯಲು ಹೋದರೆ ಮೊಣಕೈಯಿಂದ ತಿವಿದಳು. ಎರಡು ಗಂಟು ಸಾಕು, ಅವಳು ಮೂರು ಹಾಕಿದಳು.

ಬಸ್ಸಿನ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು. ತಬಸ್ಸುಮ್ ಡಬ್ಬಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ನಿಂತಿದ್ದಳು. ಅತ್ತೆ ಬಾಗಿಲ ಹಿಂದಿನ ಕೊಡೆಯನ್ನು ತಂದು, ಬಿಡಿಸಿ, ಅವಳ ಕೈಗಿಟ್ಟಳು. ಹೊಸ ಬಟ್ಟೆಯ ಮೇಲೆ ಒಂದು ಮಳೆಯೂ ಬಿದ್ದಿರಲಿಲ್ಲ, ನೀರು ಮಣಿಮಣಿಯಾಗಿ ಜಾರಿತು. ಹುಡುಗಿ ಎರಡು ದಿನದಲ್ಲಿ ನಮ್ಮ ಊರಿನ ರೀತಿಯನ್ನು ಸ್ವಲ್ಪ ಕಲಿತಿದ್ದಳಲ್ಲ, ಹೊರಡುವಾಗಲೂ ಕುಶಲ ಕೇಳಬೇಕು ಎಂದುಕೊಂಡಳೋ ಏನೋ.

“ಹಾಗಾದ್ರೆ ಅಮ್ಮ, ನಿಮಗೇನಿಲ್ಲ?”

ನಾನು ಅವಳ ಕೈ ಅದುಮಿದೆ, ತಡವಾಗಿತ್ತು. ಅತ್ತೆಗೆ ಏನಿಲ್ಲ ಎಂಬುದು ಈಗ ಒರೆಮನೆಗೂ ಗೊತ್ತಿಲ್ಲ, ಹಿರಿಯರಿಗೂ ಗೊತ್ತಿಲ್ಲ. ಊರಿನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲದೆ ನಿಂತವರನ್ನು ನಾನು ಕಂಡಿರಲಿಲ್ಲ. ಅತ್ತೆ ಹುಡುಗಿಯ ಕೈಯಲ್ಲಿದ್ದ ಕೊಡೆಯನ್ನು ನೆಟ್ಟಗೆ ಮಾಡಿದಳು. ಆಮೇಲೆ ಕುಶಲ ಹೇಳುವ ದನಿಯಲ್ಲೇ ಹೇಳಿದಳು:

“ನಂಗೆ ಗಂಡ ಇಲ್ಲಮ್ಮ. ತೀರಿಕೊಂಡು ತುಂಬಾ ವರ್ಷ ಆಯ್ತು.”

ಬಸ್ಸು ಬಂತು. ತಬಸ್ಸುಮ್ ಕೊಡೆ ಮಡಚಿ ಹತ್ತಿದಳು. ನಾವಿಬ್ಬರೂ ನೆನೆದುಕೊಂಡೇ ಮನೆಗೆ ನಡೆದೆವು.